ಒಂದೇ ಗುದ್ದಿಗೆ ಎರಡು ಸಲ ರಿಪೇರಿ

ಮೊದಲೇ ಹೇಳಿಬಿಡುತ್ತೇನೆ, ಈ ವರ್ಕ್‌ಶಾಪಿನ ಹೆಸರು ಇಲ್ಲಿ ಬರುವುದಿಲ್ಲ. ಮಾಲೀಕರೇ ಬೇಡ ಎಂದರು. ಒಂದು ಸಲಕ್ಕೆ ಮೂರು ಗಾಡಿ ಹಿಡಿಸುವಷ್ಟು ಜಾಗ, ನಾಲ್ಕು ಜನ ಕೆಲಸಗಾರರು, ಹೊರಗೆ ಸಾಲಾಗಿ ನಿಂತಿರುವ ಗಾಡಿಗಳೇ ಇನ್ನೂ ಮುಗಿದಿಲ್ಲ, ನೀವು ಬರೆದು ಇನ್ನಷ್ಟು ಜನ ಬಂದರೆ ನಾನು ಕೆಲಸ ಮಾಡುವುದಾ ಫೋನ್ ಎತ್ತುವುದಾ ಅಂದರು. ಸರಿ, ಹೆಸರಿಲ್ಲದ ರಿವ್ಯೂ. ಅದಕ್ಕಿಂತ ಮೊದಲು ಕೆಲಸ ಕೆಡಿಸಿದ ವರ್ಕ್‌ಶಾಪಿನ ಹೆಸರನ್ನೂ ಹಾಕುವುದಿಲ್ಲ. ಅವರ ಜೊತೆ ಜಗಳ ಆಡಿ ಮುಗಿದಿದೆ, ಮತ್ತೆ ಶುರು ಮಾಡಲು ಪುರುಸೊತ್ತಿಲ್ಲ.

ಕಾರು ಮಿತ್ಸುಬಿಷಿ ಲ್ಯಾನ್ಸರ್ ಇವೊಲ್ಯೂಷನ್ 9. 1,997 ಸಿಸಿಯ 4ಜಿ63 ಟರ್ಬೊ ಎಂಜಿನ್, ನಾಲ್ಕೂ ಚಕ್ರಕ್ಕೆ ಪವರ್, ಬಂಪರಿನ ಬಾಯಲ್ಲೇ ಕೂತಿರುವ ದೊಡ್ಡ ಇಂಟರ್‌ಕೂಲರ್. ಗುದ್ದಿದ್ದು ನಾನೇ, ಬೇರೆ ಯಾರ ತಪ್ಪೂ ಇಲ್ಲ. ಮಳೆ ಆಗಷ್ಟೇ ನಿಂತಿತ್ತು, ಟೈರು ಸವೆದಿತ್ತು, ತಿರುವಿಗೆ ಸ್ವಲ್ಪ ಜಾಸ್ತಿ ವೇಗದಲ್ಲೇ ನುಗ್ಗಿದೆ, ನಾಲ್ಕೂ ಚಕ್ರ ಎಳೆಯುತ್ತದಲ್ಲ ಎಂಬ ಧೈರ್ಯ ಬೇರೆ. ಅದು ಎಳೆಯುವುದಕ್ಕೆ ಆಗುತ್ತದೆ, ನಿಲ್ಲಿಸುವುದಕ್ಕೆ ಅಲ್ಲ. ಗೊತ್ತಿದ್ದ ವಿಷಯವೇ. ಮುಂದಿನ ಎಡಮೂಲೆ ತಡೆಗೋಡೆಗೆ ಬಡಿಯಿತು, ಗಾಡಿ ಸುತ್ತಿಕೊಂಡು ಹಿಂದಿನ ಎಡಚಕ್ರದ ಆರ್ಚ್ (ಚಕ್ರದ ಮೇಲಿನ ಕಮಾನು) ಕೂಡ ಅದೇ ಗೋಡೆಗೆ ಹೋಗಿ ಉಜ್ಜಿತು. ಏರ್‌ಬ್ಯಾಗ್ ಬಿಚ್ಚಿತು, ನನಗೆ ಏನೂ ಆಗಲಿಲ್ಲ. ಬಂಪರ್, ಹೆಡ್‌ಲೈಟ್, ಇಂಟರ್‌ಕೂಲರ್, ಫೆಂಡರ್ ಎಲ್ಲ ಹೋಯಿತು.

ಮೊದಲ ವರ್ಕ್‌ಶಾಪ್ ಮೂರು ವಾರದಲ್ಲಿ ಗಾಡಿ ಕೊಟ್ಟಿತು. ಕನ್ನಡಿ ಹಾಗೆ ಹೊಳೆಯುತ್ತಿತ್ತು. ನಾನು ಫೋಟೋ ಹಾಕಿದೆ, ಸ್ನೇಹಿತರು ಗುದ್ದಿದ್ದೇ ಗೊತ್ತಾಗುವುದಿಲ್ಲ ಅಂದರು, ನಾನೂ ಬೀಗಿದೆ. ಸ್ಟೇರಿಂಗ್ ಒಂದು ಚೂರು ಎಡಕ್ಕೆ ಎಳೆಯುತ್ತಿತ್ತು, ಅಲೈನ್‌ಮೆಂಟ್ ಮಾಡಿಸಿದರೆ ಸರಿಹೋಗುತ್ತದೆ ಅಂದರು, ಮಾಡಿಸಿದೆ, ಎರಡು ತಿಂಗಳಿಗೆ ಮತ್ತೆ ಅದೇ. ಮುಂದಿನ ಎಡ ಟೈರು ಒಳಅಂಚಿನಲ್ಲಿ ಮಾತ್ರ ಸವೆಯುತ್ತಿತ್ತು. 14 ತಿಂಗಳಾದ ಮೇಲೆ ಗಾಡಿ ತೊಳೆಯುವಾಗ ಹಿಂದಿನ ಆರ್ಚಿನ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ ಕೈಗೆ ಸಿಕ್ಕಿತು. ಉಗುರಲ್ಲಿ ಒತ್ತಿದೆ. ಪೇಂಟ್ ಒಡೆದು ಕಂದು ನೀರು ಬಂತು.

ಗುಳ್ಳೆ ಹೊರಗೆ ಕಂಡಿತು ಎಂದರೆ ಕೆಲಸ ಒಳಗೆ ಯಾವತ್ತೋ ಮುಗಿದಿದೆ ಎಂದರ್ಥ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ತೆಗೆದುಕೊಳ್ಳುತ್ತದೆ, ಅದಕ್ಕೇ ಪೇಂಟನ್ನು ಒಳಗಿನಿಂದ ಎತ್ತಿ ಉಬ್ಬಿಸುತ್ತದೆ. ನಾನು ಫೋನಿಗೆ ಸಿಕ್ಕಿಸುವ ಒಂದು ಎಂಡೋಸ್ಕೋಪ್ ಕ್ಯಾಮೆರಾ ತರಿಸಿ, ಡಿಕ್ಕಿಯ ಒಳಗಿನ ಟ್ರಿಮ್ ತೆಗೆದು ಆರ್ಚಿನ ಹಿಂಭಾಗಕ್ಕೆ ತೂರಿಸಿದೆ. ಅಲ್ಲಿ ಕಂಡದ್ದನ್ನು ನೋಡಿ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ವೆಲ್ಡಿಂಗ್ ಗೆರೆಯ ಉದ್ದಕ್ಕೂ ಕಿತ್ತಳೆ ಬಣ್ಣದ ಪುಡಿ. ಪ್ರೈಮರ್ ಇಲ್ಲ, ಸಂದಿ ಮುಚ್ಚುವ ಸೀಲರ್ ಇಲ್ಲ, ತುಕ್ಕು ತಡೆಯುವ ಮೇಣ ಇಲ್ಲ. ಏನೂ ಇಲ್ಲ.

ಹೀಗೆ ಎರಡನೇ ವರ್ಕ್‌ಶಾಪಿಗೆ ಬಂದೆ. ರಿವ್ಯೂ ಇಲ್ಲಿಂದ ಶುರು.

ಇಲ್ಲಿನ ಮೇಸ್ತ್ರಿ ಮಾತು ಕಡಿಮೆ. ಹೋದ ತಕ್ಷಣ ಪೇಂಟ್ ದಪ್ಪ ಅಳೆಯುವ ಮೀಟರ್ ತಂದು ಗಾಡಿ ಸುತ್ತ ಒಂದು ಸುತ್ತು ಬಂದರು. ಬಾಗಿಲುಗಳ ಮೇಲೆ 110, 120, 130 ಮೈಕ್ರಾನ್. ಕಂಪನಿ ಪೇಂಟ್ ಹೆಚ್ಚುಕಡಿಮೆ ಇಷ್ಟೇ ಇರುತ್ತದೆ. ಹಿಂದಿನ ಎಡ ಆರ್ಚಿಗೆ ಇಟ್ಟರು, 1,400. ಮೀಟರನ್ನು ನನ್ನ ಕಡೆ ತಿರುಗಿಸಿದರು ಅಷ್ಟೇ, ಏನೂ ಹೇಳಲಿಲ್ಲ. ಒಂದು ಮಿಲಿಮೀಟರಿಗಿಂತ ದಪ್ಪ ಪುಟ್ಟಿಯ ಮೇಲೆ ಬಣ್ಣ ಹೊಡೆದು ನನಗೆ ಕೊಟ್ಟಿದ್ದರು. ಒಂದು ವಿಷಯ ಇಲ್ಲೇ ಹೇಳುತ್ತೇನೆ. ಇವೊದ ಬಾನೆಟ್ ಮತ್ತು ಮುಂದಿನ ಫೆಂಡರ್ ಅಲ್ಯೂಮಿನಿಯಂ. ಬರೀ ಕಬ್ಬಿಣಕ್ಕೆ ಮಾಡಿದ ಅಗ್ಗದ ಮೀಟರ್ ಅಲ್ಲಿ ಕೆಲಸ ಮಾಡುವುದಿಲ್ಲ, ಎರಡೂ ಲೋಹ ಓದುವಂಥದ್ದೇ ಬೇಕು. ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋಗುವವರು ಇದನ್ನು ನೆನಪಿಟ್ಟುಕೊಳ್ಳಿ.

ಆಮೇಲೆ ಗಾಡಿಯನ್ನು ಜಿಗ್ ಬೆಂಚಿಗೆ, ಅಂದರೆ ಬಾಡಿಯನ್ನು ಅಳೆದು ಎಳೆದು ನೇರ ಮಾಡುವ ಚೌಕಟ್ಟಿಗೆ, ಏರಿಸಿದರು. ಬಾಡಿಯ ಕೆಳಗೆ ಕಂಪನಿಯವರೇ ಗುರುತಿಸಿರುವ ಅಳತೆಯ ಜಾಗಗಳಿರುತ್ತವೆ, ಒಂದೊಂದಕ್ಕೂ ಉದ್ದ, ಅಗಲ, ಎತ್ತರ ಇಷ್ಟೇ ಇರಬೇಕು ಅಂತ ಲೆಕ್ಕ. ಸಾಮಾನ್ಯವಾಗಿ 3 ಮಿ.ಮೀ. ಆಚೀಚೆ ಆದರೆ ಒಪ್ಪುತ್ತಾರೆ. ನನ್ನ ಗಾಡಿಯ ಮುಂದಿನ ಎಡ ಚಾಸಿ ಲೆಗ್ (ಬಂಪರಿನ ಹಿಂದೆ ಉದ್ದಕ್ಕೆ ಹೋಗುವ ಬಾಡಿಯ ತೊಲೆ) 7 ಮಿ.ಮೀ. ಒಳಕ್ಕೆ, 4 ಮಿ.ಮೀ. ಮೇಲಕ್ಕೆ ಹೋಗಿತ್ತು. ಮೊದಲಿನವರು ಅದನ್ನು ಎಳೆದೇ ಇರಲಿಲ್ಲ. ಹೊಸ ಫೆಂಡರ್ ಹೊಂದಿಸಲು ಬೋಲ್ಟ್ ತೂತುಗಳನ್ನು ಉದ್ದ ಮಾಡಿದ್ದರು! ಅಲೈನ್‌ಮೆಂಟ್ ಎಷ್ಟು ಸಲ ಮಾಡಿಸಿದರೂ ಯಾಕೆ ನಿಲ್ಲುತ್ತಿರಲಿಲ್ಲ ಅಂತ ಆವಾಗ ಗೊತ್ತಾಯಿತು. ಟೋ, ಅಂದರೆ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಅದನ್ನು ಮಾತ್ರ ತಿರುಗಿಸಿ ಸ್ಟೇರಿಂಗ್ ನೇರ ಮಾಡಿದ್ದರು, ಸಸ್ಪೆನ್ಶನ್ ಹಿಡಿದಿರುವ ಜಾಗವೇ ಸೊಟ್ಟ ಇದ್ದರೆ ಚಕ್ರ ವಾಲುವ ಕ್ಯಾಂಬರ್, ಕ್ಯಾಸ್ಟರ್ ಕೋನಗಳು ಎಲ್ಲಿಂದ ಸರಿಬರಬೇಕು?

ಎಳೆಯುವ ಕೆಲಸವನ್ನು ಒಂದು ದಿನ ಕೂತು ನೋಡಿದೆ. ಸ್ವಲ್ಪ ಎಳೆಯುವುದು, ಬಿಡುವುದು, ಅಳೆಯುವುದು, ಮತ್ತೆ ಎಳೆಯುವುದು. ಕಬ್ಬಿಣಕ್ಕೆ ಸ್ಪ್ರಿಂಗ್ ಹಾಗೆ ವಾಪಸ್ ಹೋಗುವ ಚಾಳಿ ಇದೆ, ಹಾಗಾಗಿ ಬೇಕಾದ್ದಕ್ಕಿಂತ ಒಂದು ಚೂರು ಜಾಸ್ತಿ ಎಳೆದು ಬಿಡಬೇಕು. ಗ್ಯಾಸ್ ಟಾರ್ಚ್ ಇಟ್ಟು ಕಾಯಿಸಿದರೆ ಬೇಗ ಆಗುವುದಿಲ್ಲವಾ ಅಂತ ಕೇಳಿದೆ. ಮೇಸ್ತ್ರಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಬೇಗ ಆಗುತ್ತೆ ಸಾರ್. ಇನ್ನೊಂದ್ಸಲ ಗುದ್ದಿದಾಗ ಗೊತ್ತಾಗುತ್ತೆ." ಹೈ ಸ್ಟ್ರೆಂಗ್ತ್ ಸ್ಟೀಲನ್ನು ಕೆಂಪಗೆ ಕಾಯಿಸಿದರೆ ಅದರ ಗಟ್ಟಿತನ ಹೋಗಿಬಿಡುತ್ತದೆ, ಹೊರಗೆ ನೋಡಲು ಅದೇ ಪಾರ್ಟ್, ಒಳಗೆ ಬೇರೆಯೇ ಲೋಹ. ಮುಂದಿನ ಚಾಸಿ ಲೆಗ್ ಅಂದರೆ ಗುದ್ದಿದಾಗ ಲೆಕ್ಕದ ಪ್ರಕಾರ ಮಡಚಿಕೊಂಡು ಹೊಡೆತ ನುಂಗಬೇಕಾದ ಜಾಗ, ಅಲ್ಲಿ ಲೆಕ್ಕ ತಪ್ಪಿಸಬಾರದು. ತುದಿ ಜಾಸ್ತಿ ಮಡಚಿಹೋಗಿದ್ದರಿಂದ ಅದನ್ನು ಕಂಪನಿ ಜಾಯಿಂಟಿನ ತನಕ ತೆಗೆದು ಹೊಸದು ಹಾಕಿದರು.

ಹಿಂದಿನ ಆರ್ಚ್ ಬಿಚ್ಚಿದ ದಿನ ನನ್ನನ್ನು ಕರೆಸಿದರು. ಗ್ರೈಂಡರ್ ಇಡುವ ಮೊದಲೇ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರೆ ಅಂಗೈ ಅಗಲದ ಪುಟ್ಟಿ ಒಂದೇ ತುಂಡಾಗಿ ಕೆಳಗೆ ಬಿತ್ತು. ಹಿಂಬದಿ ಪೂರ್ತಿ ಕಂದು. ಪಾಲಿಯೆಸ್ಟರ್ ಪುಟ್ಟಿ ತೇವ ಹೀರುತ್ತದೆ. ಬರೀ ಕಬ್ಬಿಣದ ಮೇಲೆ ಬಳಿದು, ಒಳಗಿನಿಂದ ನೀರು ಬರುವ ದಾರಿಯನ್ನೂ ತೆರೆದಿಟ್ಟರೆ ಅದು ಒದ್ದೆ ಸ್ಪಂಜನ್ನು ಕಬ್ಬಿಣಕ್ಕೆ ಕಟ್ಟಿದ ಹಾಗೆ. ಪುಟ್ಟಿಯೇ ಕೆಟ್ಟದ್ದು ಅಂತಲ್ಲ, ಇವರೂ ಹಾಕಿದರು. ಆದರೆ ಎರಡು ಕೋಟ್ ಎಪಾಕ್ಸಿ ಪ್ರೈಮರ್ ಮೇಲೆ, ಕಾಗದದಷ್ಟು ತೆಳ್ಳಗೆ.

ವೆಲ್ಡಿಂಗ್ ಬಗ್ಗೆ ಇವರು ಹೇಳಿದ ಒಂದು ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಕಬ್ಬಿಣ ಕರಗುವುದು ಸುಮಾರು 1,500 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದರ ಮೇಲಿನ ಸತುವಿನ ಲೇಪ 419ಕ್ಕೆ ಕರಗಿ 907ಕ್ಕೆ ಕುದಿದು ಹಬೆಯಾಗುತ್ತದೆ. ಅಂದರೆ ವೆಲ್ಡ್ ಮಾಡಿದ ಜಾಗದಲ್ಲಿ ಮುಂದೆಯೂ ಹಿಂದೆಯೂ ತುಕ್ಕಿಗೆ ತಡೆ ಎನ್ನುವುದೇ ಉಳಿಯುವುದಿಲ್ಲ. ಮುಂದಿನದಕ್ಕೆ ಪ್ರೈಮರ್ ಹೊಡೆಯಬಹುದು, ಹಿಂದಿನದು ಪೆಟ್ಟಿಗೆಯಂಥ ಟೊಳ್ಳಿನ ಒಳಗೆ ಮುಚ್ಚಿಹೋಗಿರುತ್ತದೆ, ಬ್ರಷ್ ಹೋಗುವುದಿಲ್ಲ, ಗನ್ ಹೋಗುವುದಿಲ್ಲ. ಹೊಸ ಗಾಡಿಯ ಬಾಡಿಯನ್ನು ಕಾರ್ಖಾನೆಯಲ್ಲಿ ಇಡಿಯಾಗಿ ತೊಟ್ಟಿಯಲ್ಲಿ ಮುಳುಗಿಸಿ, ಕರೆಂಟ್ ಹಾಯಿಸಿ, ಮೂಲೆಮೂಲೆಗೂ ಪ್ರೈಮರ್ ಕೂರಿಸುತ್ತಾರೆ, ಆಮೇಲೆ ಒಲೆಯಲ್ಲಿ ಬೇಯಿಸುತ್ತಾರೆ. ಅದನ್ನು ಎಲೆಕ್ಟ್ರೋಕೋಟ್ ಅನ್ನುತ್ತಾರೆ, ಹೆಚ್ಚುಕಡಿಮೆ 20 ಮೈಕ್ರಾನ್ ದಪ್ಪ. ರಿಪೇರಿ ಆದ ಗಾಡಿಯನ್ನು ಸೀಟು, ವೈರಿಂಗ್ ಸಮೇತ ಯಾರೂ ಮತ್ತೆ ತೊಟ್ಟಿಗೆ ಹಾಕುವುದಿಲ್ಲವಲ್ಲ. ಆ ಕೊರತೆಯನ್ನು ಕೈಯಲ್ಲೇ ತುಂಬಿಸಬೇಕು. ಮೊದಲಿನವರು ಬಿಟ್ಟಿದ್ದು ಇದನ್ನೇ, ಯಾಕೆಂದರೆ ಗಿರಾಕಿಗೆ ಇದು ಕಾಣುವುದಿಲ್ಲ.

ಇವರು ಹೇಗೆ ತುಂಬಿಸಿದರು ಎನ್ನುವುದಕ್ಕೆ ನನ್ನ ಫೋನಿನಲ್ಲಿ 143 ಫೋಟೋ ಇವೆ. ನಾನು ಕೇಳಿದ್ದಲ್ಲ, ಅವರೇ ದಿನಾ ಕಳಿಸುತ್ತಿದ್ದರು. ಹಳೆ ಸ್ಪಾಟ್ ವೆಲ್ಡುಗಳನ್ನು 8 ಮಿ.ಮೀ. ಕಟರಿನಲ್ಲಿ ಕೊರೆದು ತಗಡು ಬಿಡಿಸಿದ್ದು, ತುಕ್ಕು ಹಿಡಿದ ಒಳ ಆರ್ಚನ್ನೂ ಕತ್ತರಿಸಿ ತೆಗೆದದ್ದು, ಹೊಸ ತಗಡಿನ ಜೋಡಣೆಯ ಅಂಚುಗಳಿಗೆ ಸತು ಇರುವ ವೆಲ್ಡ್-ಥ್ರೂ ಪ್ರೈಮರ್ ಹಚ್ಚಿದ್ದು, ಮಿಗ್ ವೆಲ್ಡ್ ಬೀಳುವ ತೂತಿನ ಜಾಗದಲ್ಲಿ ಮಾತ್ರ ಅದನ್ನು ಮತ್ತೆ ಕೆರೆದು ತೆಗೆದದ್ದು (ಇಲ್ಲದಿದ್ದರೆ ವೆಲ್ಡಿನಲ್ಲಿ ಗುಳ್ಳೆ ಸಿಕ್ಕಿಹಾಕಿಕೊಳ್ಳುತ್ತದೆ), ಎಪಾಕ್ಸಿ, ಅದರ ಮೇಲೆ ಜಾಯಿಂಟಿಗೆಲ್ಲ ಸೀಲರ್, ಚಕ್ರದ ಗೂಡಿಗೆ ಕಲ್ಲೇಟು ತಡೆಯುವ ಕೋಟಿಂಗ್. ಅರ್ಧ ಫೋಟೋಗಳು ಮಸುಕು, ನಾಲ್ಕೈದರಲ್ಲಿ ಹುಡುಗನ ಹೆಬ್ಬೆರಳು ಮಾತ್ರ ಇದೆ. ಆದರೂ ಗಾಡಿ ಮಾರುವ ದಿನ ಬಂದರೆ ಈ ಫೋಟೋಗಳು ಸರ್ವಿಸ್ ಬುಕ್ಕಿಗಿಂತ ಜಾಸ್ತಿ ಬೆಲೆ ಬಾಳುತ್ತವೆ.

ಅಲ್ಯೂಮಿನಿಯಂ ಫೆಂಡರ್ ಕೂರಿಸಿದ್ದನ್ನೂ ನೋಡಿದೆ. ಅಲ್ಯೂಮಿನಿಯಂ ಮತ್ತು ಕಬ್ಬಿಣ ಒಂದಕ್ಕೊಂದು ತಾಗಿ, ನಡುವೆ ಉಪ್ಪುನೀರು ಸೇರಿದರೆ ಅದೊಂದು ಸಣ್ಣ ಬ್ಯಾಟರಿ ಆಗಿಬಿಡುತ್ತದೆ, ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಕರಗುತ್ತಾ ಹೋಗುತ್ತದೆ. ಅದಕ್ಕೆ ಲೇಪ ಇರುವ ಬೋಲ್ಟ್, ನೈಲಾನ್ ವಾಷರ್, ತಾಗುವ ಅಂಚಿಗೆ ಪೂರ್ತಿ ಪೇಂಟ್. ಅಲ್ಯೂಮಿನಿಯಂ ಉಜ್ಜಲು ಬೇರೆಯೇ ಬ್ರಷ್ಷು, ಬೇರೆಯೇ ಮರಳು ಕಾಗದ. ಕಬ್ಬಿಣ ಉಜ್ಜಿದ್ದನ್ನೇ ಇಲ್ಲೂ ಉಜ್ಜಿದರೆ ಕಬ್ಬಿಣದ ಪುಡಿ ಅದರೊಳಗೆ ಕಚ್ಚಿಕೊಂಡು, ಪೇಂಟ್ ಅಡಿಯಲ್ಲೇ ತೊಂದರೆ ಶುರುವಾಗುತ್ತದಂತೆ. ಆ ಬ್ರಷ್ಷುಗಳು ಒಂದು ಬೀಗ ಹಾಕಿದ ಪೆಟ್ಟಿಗೆಯಲ್ಲಿದ್ದವು. ಬೀಗ ಯಾಕೆ ಅಂದರೆ, "ಹುಡುಗರು ಸಾರ್" ಅಂದರು.

ತುಕ್ಕು ತಡೆಗೆ ಬಂದರೆ, ನಾನು ಮೊದಲು ಕೇಳಿದ್ದು ಕೆಳಗಡೆಗೆಲ್ಲ ದಪ್ಪ ಕಪ್ಪು ಟಾರ್ ತರಹದ ಕೋಟಿಂಗ್. ಹೊಡೆಯುವುದಿಲ್ಲ ಎಂದರು. ಅದು ಹೊಸದರಲ್ಲಿ ಚೆನ್ನಾಗಿ ಕಾಣುತ್ತದೆ, ಗಟ್ಟಿಯಾಗುತ್ತಾ ಬಂದ ಹಾಗೆ ಬಿರುಕು ಬಿಡುತ್ತದೆ, ಬಿರುಕಲ್ಲಿ ನೀರು ನುಗ್ಗಿ ಹೊರಗೆ ಬರಲಾಗದೆ ಅಲ್ಲೇ ಕೂರುತ್ತದೆ, ಮೇಲಿಂದ ನೋಡಿದರೆ ಕಪ್ಪಗೆ ಗಟ್ಟಿಮುಟ್ಟಾಗಿದೆ, ಸ್ಕ್ರೂಡ್ರೈವರ್ ಚುಚ್ಚಿದರೆ ಒಳಗೆ ಹೋಗುತ್ತದೆ. ಅದರ ಬದಲು ಮೇಣದ ಜಾತಿಯದ್ದನ್ನು ಹೇಳಿದರು. ಒಳಗಿನ ಟೊಳ್ಳು ಜಾಗಗಳಿಗೆ ಡಿನಿಟ್ರಾಲ್ 3125, ಕೆಳಗಡೆಗೆ ಡಿನಿಟ್ರಾಲ್ 4941. ಒಳಗಿನದು ತೆಳ್ಳಗಿರುತ್ತದೆ, ಜಾಯಿಂಟಿನ ಸಂದಿಗೆ ತಾನೇ ಹರಿದು ಹೋಗುತ್ತದೆ. ಹೊರಗಿನದು ಕಪ್ಪು, ದಪ್ಪ, ಒಣಗಿದ ಮೇಲೂ ಬಗ್ಗುತ್ತದೆ.

ಮೇಣ ಯಾವತ್ತೂ ಕೊನೆಗೆ, ಪೇಂಟ್ ಎಲ್ಲ ಮುಗಿದು ಒಣಗಿದ ಮೇಲೆ. ಮೊದಲೇ ಹೊಡೆದರೆ ಒಂದು ಹನಿ ಸಾಕು ಪೇಂಟ್ ಹಿಡಿಯದೆ ಸಣ್ಣ ಸಣ್ಣ ಕಣ್ಣಿನಂಥ ಗುಂಡಿ ಬೀಳಲು. ಗಾಡಿ ಎರಡು ದಿನ ಒಳಗೆ ನಿಂತು ಪೂರ್ತಿ ಒಣಗಿತು, ಆಮೇಲೆ ಉದ್ದ ಪೈಪಿನ ತುದಿಯಲ್ಲಿ ಸುತ್ತಲೂ ಸಿಂಪಡಿಸುವ ನಾಜಲ್ ಇಟ್ಟು, ರಬ್ಬರ್ ಬಿರಡೆ ತೆಗೆದ ತೂತುಗಳಿಂದ ಒಳಕ್ಕೆ ಪೂರ್ತಿ ತೂರಿಸಿ, ನಿಧಾನಕ್ಕೆ ಹಿಂದಕ್ಕೆ ಎಳೆಯುತ್ತಾ ಹೊಡೆದರು. ಸಿಲ್ (ಬಾಗಿಲುಗಳ ಕೆಳಗೆ ಉದ್ದಕ್ಕೂ ಇರುವ ಟೊಳ್ಳು ಭಾಗ), ಚಾಸಿ ಲೆಗ್, ಬಾಗಿಲಿನ ತಳ, ಹಿಂದಿನ ಆರ್ಚ್, ಡಿಕ್ಕಿ ಬಾಗಿಲು. ನನಗೆ ಹೊಳೆದೇ ಇರದ ಎರಡು ಕೆಲಸ ಮಾಡಿದರು. ಮಧ್ಯದ ಕಂಬದ ತಳದಲ್ಲಿರುವ ಸೀಟ್ ಬೆಲ್ಟ್ ರೀಲಿಗೆ ಪ್ಲಾಸ್ಟಿಕ್ ಕಟ್ಟಿದರು, ಮೇಣ ಬಿದ್ದರೆ ಬೆಲ್ಟ್ ಸರಿಯಾಗಿ ಸುತ್ತಿಕೊಳ್ಳುವುದಿಲ್ಲ. ಎಲ್ಲ ಮುಗಿದ ಮೇಲೆ ಕೆಳಗಿನ ನೀರು ಹೋಗುವ ತೂತುಗಳನ್ನು ಒಂದೊಂದಾಗಿ ತಂತಿ ಹಾಕಿ ಬಿಡಿಸಿದರು. ಆ ತೂತು ಮುಚ್ಚಿದರೆ ಸಿಲ್ ನೀರಿನ ತೊಟ್ಟಿ, ಎಷ್ಟು ಮೇಣ ಹೊಡೆದರೂ ದಂಡ.

ಬ್ಯಾಟರಿಗೆ ಸಿಕ್ಕಿಸಿದರೆ ತುಕ್ಕೇ ಬರುವುದಿಲ್ಲ ಅಂತ ಒಂದು ಎಲೆಕ್ಟ್ರಾನಿಕ್ ಡಬ್ಬ ಮಾರುತ್ತಾರಲ್ಲ, ಅದನ್ನೂ ಕೇಳಿದೆ. ಮೇಸ್ತ್ರಿ ನಕ್ಕರು. ಹಡಗಿಗೆ, ನೆಲದಡಿಯ ಪೈಪಿಗೆ ಆ ಉಪಾಯ ನಡೆಯುತ್ತದೆ, ಯಾಕೆಂದರೆ ಅವು ಸದಾ ನೀರಿನಲ್ಲೋ ಒದ್ದೆ ಮಣ್ಣಿನಲ್ಲೋ ಇರುತ್ತವೆ, ಕರೆಂಟ್ ಸುತ್ತು ಹಾಕಲು ದಾರಿ ಇರುತ್ತದೆ. ಗಾಡಿ ಗಾಳಿಯಲ್ಲಿ ನಿಂತಿರುತ್ತದೆ. ದಾರಿಯೇ ಇಲ್ಲ. ಸುಮ್ನೆ ದುಡ್ಡು ಹಾಳು.

ಈಗ ಬೇಜಾರಿನ ವಿಷಯ. ಐದು ವಾರ ಅಂದಿದ್ದರು, ಹನ್ನೊಂದು ವಾರ ಆಯಿತು. ನಡುವೆ ಎರಡು ವಾರ ಗಾಡಿಗೆ ಯಾರೂ ಕೈ ಹಚ್ಚಿರಲಿಲ್ಲ, ಪಾರ್ಟ್ ಬಂದಿಲ್ಲ ಅಂದರು, ಪಾರ್ಟ್ ಬಂದು ಮೂಲೆಯಲ್ಲಿ ಕೂತಿದ್ದನ್ನು ನಾನೇ ನೋಡಿದ್ದೆ. ಫೋನ್ ಎತ್ತುವುದಿಲ್ಲ. ಬಿಲ್ ಮೊದಲಿನವರಿಗೆ ಕೊಟ್ಟದ್ದರ ಎರಡೂವರೆ ಪಟ್ಟು ಆಯಿತು, ಮತ್ತು ಒಂದು ಸಲ ರಿಪೇರಿ ಆಗಿದೆ ಅಂತ ಇನ್ಶೂರೆನ್ಸ್ ಈ ಸಲ ಕೊಡಲಿಲ್ಲ, ಪೂರ್ತಿ ನನ್ನ ಜೇಬಿನಿಂದ. ಬಿಲ್ ಜಾಸ್ತಿ ಅಂತ ನಾನು ಹೇಳುವುದಿಲ್ಲ, ಗಂಟೆಗಳ ಲೆಕ್ಕ ಬರೆದು ಕೊಟ್ಟಿದ್ದಾರೆ. ಆದರೆ ಐದು ವಾರ ಅಂತ ಹೇಳಬಾರದಿತ್ತು.

ಬಣ್ಣದ ಬಗ್ಗೆ ಪೂರ್ತಿ ಸಮಾಧಾನ ಇಲ್ಲ. ಸಿಲ್ವರ್ ಮೆಟಾಲಿಕ್ ಹೊಂದಿಸುವುದು ಕಷ್ಟ ಅಂತ ಗೊತ್ತು, ಒಂದೇ ಡಬ್ಬದ ಬಣ್ಣವನ್ನು ಗನ್ ಸ್ವಲ್ಪ ದೂರ ಹಿಡಿದು ಹೊಡೆದರೂ ಬಣ್ಣದೊಳಗಿನ ಲೋಹದ ಚೂರುಗಳು ಬೇರೆ ಥರ ಮಲಗಿ ಬೇರೆ ಬಣ್ಣ ಕಾಣುತ್ತದೆ. ಪಕ್ಕದ ಬಾಗಿಲಿನ ಮೇಲೂ ಹೊಡೆದು ಬೆರೆಸಿದ್ದಾರೆ. ಬೆಳಗಿನ ಹೊತ್ತು ನೋಡಿದರೆ ಏನೂ ಇಲ್ಲ. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಆರ್ಚ್ ಒಂದು ಕೂದಲೆಳೆ ಕಪ್ಪು ಕಾಣುತ್ತದೆ. ನನ್ನ ಹೆಂಡತಿಗೆ ಕಾಣುವುದಿಲ್ಲ, ನನಗೆ ಕಾಣುತ್ತದೆ, ಅದೇ ಕಷ್ಟ. ಮೊದಲಿನವರ ಪೇಂಟ್ ಇದಕ್ಕಿಂತ ಚೆನ್ನಾಗಿ ಹೊಂದಿತ್ತು ಅನ್ನುವುದು ಒಂದು ತಮಾಷೆ.

ಮೇಣದ ವಾಸನೆ ಒಂದು ತಿಂಗಳು ಹೋಗಲಿಲ್ಲ. ಬಿಸಿಲಲ್ಲಿ ನಿಲ್ಲಿಸಿದರೆ ಬಾಗಿಲ ಕೆಳಗಿಂದ ಜೇನಿನ ಬಣ್ಣದ ಹನಿ ತೊಟ್ಟಿಕ್ಕುತ್ತಿತ್ತು, ಪ್ಯಾಂಟಿಗೆ ತಾಗಿದರೆ ಕಥೆ ಮುಗಿಯಿತು. ಇದನ್ನು ದೂರು ಅಂತ ಬರೆಯುತ್ತಿಲ್ಲ, ಹನಿ ಬಂದರೆ ಮೇಣ ತಳದ ತನಕ ಹೋಗಿದೆ ಎಂದರ್ಥ, ಆದರೆ ಗಾಡಿ ನಿಲ್ಲಿಸುವ ಜಾಗದಲ್ಲಿ ರಟ್ಟು ಹಾಸಿ ಅಂತ ಅವರು ಮೊದಲೇ ಹೇಳಬಹುದಿತ್ತು. ಎಡ ಸಿಲ್ ಟ್ರಿಮ್ ಕಿರಿಕಿರಿ ಅನ್ನುತ್ತಿತ್ತು, ಹೋಗಿ ಸರಿ ಮಾಡಿಸಿಕೊಂಡೆ. ಹಿಂದಿನ ಎಡ ಚಕ್ರದ ಗೂಡಿನ ಲೈನರಿಗೆ ಒಂದು ಕ್ಲಿಪ್ ಇಲ್ಲ. ತರಿಸುತ್ತೇವೆ ಅಂದರು.

ನೀವು ಗಾಡಿ ಕೊಡುವವರಾದರೆ, ಯಾವ ವರ್ಕ್‌ಶಾಪ್ ಆದರೂ ಸರಿ, ಪೇಂಟಿಗೆ ಎಷ್ಟು ವರ್ಷ ಗ್ಯಾರಂಟಿ ಅಂತ ಕೇಳಬೇಡಿ, ಎಲ್ಲರೂ ಒಂದು ದೊಡ್ಡ ಸಂಖ್ಯೆ ಹೇಳುತ್ತಾರೆ. ವೆಲ್ಡ್ ಮಾಡಿದ ತಗಡಿನ ಹಿಂಬದಿಗೆ ಏನು ಹಾಕುತ್ತೀರಿ ಅಂತ ಕೇಳಿ. ಉತ್ತರ ಬರುವ ಮೊದಲು ಅವರ ಮುಖ ನೋಡಿ. ಜಿಗ್ ಮೇಲಿನ ಅಳತೆಯ ಕಾಗದ ಮೊದಲು ಒಂದು, ಆದ ಮೇಲೆ ಒಂದು, ಎರಡೂ ಕೇಳಿ ತೆಗೆದುಕೊಳ್ಳಿ. ನನ್ನದರಲ್ಲಿ ಈಗ ಎಲ್ಲ ಅಳತೆಯೂ 2 ಮಿ.ಮೀ. ಒಳಗಿದೆ, ಸ್ಟೇರಿಂಗ್ ಕೈ ಬಿಟ್ಟರೂ ನೇರ ಹೋಗುತ್ತದೆ, ಟೈರು ಸಮ ಸವೆಯುತ್ತಿದೆ.

ಒಂದೂವರೆ ವರ್ಷ ಆಯಿತು. ಎರಡು ವಾರದ ಹಿಂದೆ ಅದೇ ಎಂಡೋಸ್ಕೋಪ್ ತೆಗೆದು ಮತ್ತೆ ಎಲ್ಲ ತೂತಿಗೂ ತೂರಿಸಿದೆ. ಕೈ ಸ್ವಲ್ಪ ನಡುಗುತ್ತಿತ್ತು ಅಂದರೆ ನಗಬೇಡಿ. ಆರ್ಚಿನ ಹಿಂದೆ ವೆಲ್ಡ್ ಗೆರೆ ಮೇಣದ ಅಡಿಯಲ್ಲಿ ಹಾಗೇ ಇದೆ, ಮೇಣ ಇನ್ನೂ ಮೆತ್ತಗಿದೆ, ಕ್ಯಾಮೆರಾ ತುದಿಗೆ ಅಂಟಿಕೊಂಡು ಬಂತು. ಸಿಲ್ಲಿನ ಹಿಂದಿನ ಮೂಲೆಯಲ್ಲಿ ಮಾತ್ರ ಒಂದು ಬೆರಳಗಲ ಜಾಗದಲ್ಲಿ ತೆಳುವಾಗಿ ತಗಡು ಕಾಣುತ್ತಿತ್ತು, ತುಕ್ಕು ಇರಲಿಲ್ಲ. ಫೋಟೋ ಕಳಿಸಿದೆ. ಈ ಸಲ ಐದು ನಿಮಿಷಕ್ಕೆ ಫೋನ್ ಬಂತು, ನಾಳೆ ತನ್ನಿ ಅಂದರು, ಮಾರನೇ ದಿನ ಒಂದು ಗಂಟೆಯಲ್ಲಿ ಮತ್ತೆ ಹೊಡೆದು ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಲೈನರಿನ ಆ ಕ್ಲಿಪ್ ಬಂತಾ ಅಂತ ಕೇಳಿದೆ. ತರಿಸುತ್ತೇವೆ ಸಾರ್ ಅಂದರು.